ಅಂಚೆಯಲ್ಲಿ ಬಂದ ಮಿಷನ್ ಮತ್ತೆ ಹೊಲಿಯಬೇಕು

ಹಳೆಯ ಹೊಲಿಗೆ ಮಿಷನ್ ಕಂಡರೆ ಎಲ್ಲರಿಗಿಂತ ಹೆಚ್ಚು ಹೆದರಿದ್ದು ಅದನ್ನು ತಯಾರಿಸಿದ ಕಂಪನಿಯೇ. ಐಸಾಕ್ ಸಿಂಗರ್ 1851ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದ. ಮುಂದಿನ ಕೆಲವೇ ವರ್ಷಗಳಲ್ಲಿ ಅವನ ಪಾಲುದಾರ ಎಡ್ವರ್ಡ್ ಕ್ಲಾರ್ಕ್ ಎಂಬ ವಕೀಲ ಮಾರಾಟಕ್ಕೆ ಎರಡು ದಾರಿ ಹುಡುಕಿದ. ಮೊದಲನೆಯದು 1856ರಲ್ಲಿ ತಂದ ಕಂತಿನ ಪದ್ಧತಿ. ನೂರು ಡಾಲರಿಗೂ ಮೇಲಿದ್ದ ಬೆಲೆಯನ್ನು ಒಂದೇ ಸಲಕ್ಕೆ ಕೊಡಲಾರದ ಮನೆಗಳಿಗೂ ಮಿಷನ್ ಬಂದದ್ದು ಇದರಿಂದ. ಎರಡನೆಯದು, ಹಳೆಯ ಮಿಷನ್ ತಂದುಕೊಟ್ಟವರಿಗೆ ಹೊಸದರ ಬೆಲೆಯಲ್ಲಿ 50 ಡಾಲರ್ ಇಳಿಸಿಕೊಡುವುದು. ಹೀಗೆ ಕೈಗೆ ಬಂದ ಹಳೆಯ ಮಿಷನ್‌ಗಳನ್ನು ಕಂಪನಿ ರಿಪೇರಿ ಮಾಡಿಸಿ ಮಾರಲಿಲ್ಲ, ಒಡೆದು ಹಾಕಿತು. ಕಾರಣ ಸ್ಪಷ್ಟವಾಗಿತ್ತು. ಕಬ್ಬಿಣದ ಈ ಯಂತ್ರ ಬೇಗ ಸಾಯುವುದಿಲ್ಲ. ಹೊಸ ಮಿಷನ್‌ಗೆ ನಿಜವಾದ ಪ್ರತಿಸ್ಪರ್ಧಿ ಪಕ್ಕದ ಕಂಪನಿಯದ್ದಲ್ಲ, ಪಕ್ಕದ ಮನೆಯಲ್ಲಿ ಇನ್ನೂ ಓಡುತ್ತಿರುವ ಹಳೆಯದು. ಇವತ್ತು ಅಮೆರಿಕ, ಇಂಗ್ಲೆಂಡ್, ಆಸ್ಟ್ರೇಲಿಯಾಗಳಲ್ಲಿ, ಈಚೆಗೆ ನಮ್ಮಲ್ಲೂ, ಅಂಥ ಹಳೆಯ ಮಿಷನ್‌ಗಳನ್ನು ದೂರದೂರಿನಿಂದ ಪಾರ್ಸೆಲ್‌ನಲ್ಲಿ ತರಿಸಿಕೊಂಡು ಬಿಚ್ಚಿ, ತೊಳೆದು, ಎಣ್ಣೆ ಬಿಟ್ಟು ಸರಿಪಡಿಸುವವರಿದ್ದಾರೆ. ಅವರ ಈ ಹವ್ಯಾಸವನ್ನು ನಾನು ಗೌರವಿಸುತ್ತೇನೆ. ಆದರೆ ಅದಕ್ಕೊಂದು ಅಳತೆಗೋಲು ಬೇಕು. ಮಿಷನ್ ಎಷ್ಟು ಹಳೆಯದು, ಎಷ್ಟು ಹೊಳೆಯುತ್ತಿದೆ ಎಂಬುದು ಅಳತೆಯಾಗಬಾರದು. ಅದರಲ್ಲಿ ಮತ್ತೆ ಹೊಲಿಗೆ ಬೀಳುತ್ತದೆಯೇ ಎಂಬುದೊಂದೇ ಅಳತೆಯಾಗಬೇಕು.

ಮೊದಲು ವಯಸ್ಸಿನ ಮಾತು. ಮಾರಾಟದ ಜಾಹೀರಾತುಗಳಲ್ಲಿ 'ನೂರು ವರ್ಷದ ಅಪರೂಪದ ಸಿಂಗರ್' ಎಂಬ ಸಾಲು ಮತ್ತೆ ಮತ್ತೆ ಕಾಣುತ್ತದೆ. ನೂರು ವರ್ಷ ನಿಜವಿರಬಹುದು, ಅಪರೂಪ ಮಾತ್ರ ನಿಜವಲ್ಲ. ಸ್ಕಾಟ್ಲೆಂಡಿನ ಗ್ಲಾಸ್ಗೋ ಪಕ್ಕದ ಕ್ಲೈಡ್‌ಬ್ಯಾಂಕ್ ಊರಿನಲ್ಲಿ 1880ರ ದಶಕದ ನಡುವೆ ಶುರುವಾದ ಸಿಂಗರ್ ಕಾರ್ಖಾನೆಯೊಂದೇ ಮೊದಲ ಮಹಾಯುದ್ಧದ ಹೊತ್ತಿಗೆ ವರ್ಷಕ್ಕೆ 10 ಲಕ್ಷಕ್ಕೂ ಹೆಚ್ಚು ಮಿಷನ್ ತಯಾರಿಸುತ್ತಿತ್ತು; 10,000ಕ್ಕೂ ಹೆಚ್ಚು ಜನ ಅಲ್ಲಿ ದುಡಿಯುತ್ತಿದ್ದರು. ಕಾರ್ಖಾನೆ 1980ರಲ್ಲಿ ಮುಚ್ಚಿಹೋದರೂ ಅಲ್ಲಿನ ರೈಲು ನಿಲ್ದಾಣಕ್ಕೆ ಇಂದಿಗೂ ಸಿಂಗರ್ ಎಂದೇ ಹೆಸರು. ಅಮೆರಿಕದ ನ್ಯೂಜೆರ್ಸಿಯ ಎಲಿಜಬೆತ್, ಕೆನಡಾದ ಸೇಂಟ್ ಜಾನ್ಸ್, ಜರ್ಮನಿಯ ವಿಟ್ಟೆನ್‌ಬರ್ಗೆ, ರಷ್ಯಾದ ಪೊಡೊಲ್ಸ್ಕ್‌ಗಳಲ್ಲೂ ಸಿಂಗರ್ ಕಾರ್ಖಾನೆಗಳಿದ್ದವು. ಮಿಷನ್ನಿನ ಹಾಸಿನ ಬಲತುದಿಯಲ್ಲಿ ಕೊರೆದ ಸಂಖ್ಯೆ ನೋಡಿದರೆ ಅದು ಎಲ್ಲಿಯದು, ಯಾವ ಕಾಲದ್ದು ಎಂದು ತಿಳಿಯುತ್ತದೆ: ಎಫ್ ಅಥವಾ ವೈ ಅಕ್ಷರವಿದ್ದರೆ ಕ್ಲೈಡ್‌ಬ್ಯಾಂಕ್, ಜಿ ಇದ್ದರೆ ಎಲಿಜಬೆತ್. ಕರ್ನಾಟಕದ ಹಳೆಯ ಮನೆಗಳ ಮೂಲೆಯಲ್ಲಿ, ಸಂತೆಯ ಗುಜರಿ ರಾಶಿಯಲ್ಲಿ ಸಿಗುವ ಕಪ್ಪು ಸಿಂಗರ್‌ಗಳಲ್ಲೂ ಕ್ಲೈಡ್‌ಬ್ಯಾಂಕಿನ ಅಕ್ಷರಗಳು ಕಾಣುತ್ತವೆ. ಕೋಟಿಗಟ್ಟಲೆ ತಯಾರಾದ ಸರಕು, ಅದೂ ಬಹಳ ಕಾಲ ಬಾಳುವ ಸರಕು, ಹಳತಾದ ಮಾತ್ರಕ್ಕೆ ಅಪರೂಪವಾಗುವುದಿಲ್ಲ.

ವಯಸ್ಸಿಗೆ ಬೆಲೆ ಕಟ್ಟುವ ಮನಸ್ಸು ಎಲ್ಲಿಗೆ ಮುಟ್ಟಬಹುದು ಎಂಬುದಕ್ಕೆ 2009ರಲ್ಲಿ ಸೌದಿ ಅರೇಬಿಯಾದಲ್ಲಿ ನಡೆದದ್ದೇ ಸಾಕ್ಷಿ. ಹಳೆಯ ಸಿಂಗರ್ ಮಿಷನ್‌ಗಳಲ್ಲಿ 'ಕೆಂಪು ಪಾದರಸ' ಎಂಬ ಅಮೂಲ್ಯ ವಸ್ತುವಿದೆ, ಮೊಬೈಲನ್ನು ಸೂಜಿಯ ಹತ್ತಿರ ಹಿಡಿದಾಗ ಕರೆ ಕಡಿದುಹೋದರೆ ಅದು ಇದೆ ಎಂದರ್ಥ ಎಂಬ ಗಾಳಿಸುದ್ದಿ ಹಬ್ಬಿತು. ಗುಜರಿಗೂ ಬೇಡವಾಗಿದ್ದ ಮಿಷನ್‌ಗಳಿಗೆ ಲಕ್ಷಗಟ್ಟಲೆ ರಿಯಾಲ್ ಕೇಳತೊಡಗಿದರು. ಕೆಂಪು ಪಾದರಸ ಎಂಬುದು ಇಲ್ಲವೇ ಇಲ್ಲ, ಇದು ಬರೀ ವಂಚನೆ ಎಂದು ಅಧಿಕಾರಿಗಳು ಹೇಳಬೇಕಾಯಿತು. ಆ ದಿನಗಳಲ್ಲಿ ಕೊಂಡವರು ಯಾರೂ ಹೊಲಿಯಲೆಂದು ಕೊಂಡವರಲ್ಲ. ವಸ್ತುವಿನ ಉಪಯೋಗದಿಂದ ಬೇರ್ಪಟ್ಟ ಬೆಲೆಗೆ ನೆಲೆಯಿಲ್ಲ; ಅದು ಏರಿದಷ್ಟೇ ಬೇಗ ಕುಸಿಯುತ್ತದೆ.

ಹಾಗಾದರೆ ಹಳೆಯ ಮಿಷನ್ನಿನ ನಿಜವಾದ ಬೆಲೆ ಎಲ್ಲಿದೆ? ಅದನ್ನು ಇಂದಿಗೂ ಬಿಚ್ಚಬಹುದು, ಅದರ ಭಾಗಗಳು ಇಂದಿಗೂ ಸಿಗುತ್ತವೆ ಎಂಬಲ್ಲಿದೆ. ಈ ಗುಣ ಎಲ್ಲ ಕಾಲದ ಮಿಷನ್‌ಗಳಿಗೂ ಒಂದೇ ಥರ ಇರಲಿಲ್ಲ ಎಂಬುದನ್ನು ಕೊಳ್ಳುವವರು ಗಮನಿಸಬೇಕು. ಅಮೆರಿಕದ ತಯಾರಿಕೆಯ ಇತಿಹಾಸ ಬರೆದ ಡೇವಿಡ್ ಹೌನ್‌ಶೆಲ್ ಸಿಂಗರ್ ಕಂಪನಿಯ ದಾಖಲೆಗಳನ್ನು ಕೂಲಂಕಷವಾಗಿ ನೋಡಿ ತೋರಿಸಿಕೊಟ್ಟಿರುವಂತೆ, ಒಂದು ಮಿಷನ್ನಿನ ಭಾಗ ಇನ್ನೊಂದಕ್ಕೆ ಹಾಗೇ ಕೂರುವ ಸ್ಥಿತಿ ಅಲ್ಲಿ ಬಹಳ ತಡವಾಗಿ ಬಂತು. 1880ರ ದಶಕದವರೆಗೂ ಕೆಲಸಗಾರರು ಭಾಗಗಳನ್ನು ಅರದಿಂದ ಉಜ್ಜಿ ಉಜ್ಜಿ ಒಂದಕ್ಕೊಂದು ಹೊಂದಿಸುತ್ತಿದ್ದರು. ಆಮೇಲೆ ಅವು ಹದಗೊಳಿಸಲು ಹೋಗಿ ಬಂದಾಗ ಅದಲು ಬದಲಾಗದಿರಲೆಂದು ಮುಖ್ಯ ಭಾಗಗಳ ಮೇಲೆ ಮಿಷನ್ನಿನ ಸಂಖ್ಯೆ ಕೊರೆಯುತ್ತಿದ್ದರು. ಅಂದರೆ ತೀರಾ ಹಳೆಯ ಮಿಷನ್ ಪ್ರತಿಯೊಂದೂ ತನ್ನಷ್ಟಕ್ಕೆ ತಾನೇ. ಅದರ ಶಟಲ್, ಅಂದರೆ ಕೆಳಗಿನ ದಾರ ಒಯ್ಯುವ ಲಾಳಿ, ಕಳೆದುಹೋಗಿದ್ದರೆ ಇನ್ನೊಂದನ್ನು ತಂದು ಹಾಕಿದಾಗ ಹೊಂದೀತೆಂಬ ಖಾತ್ರಿಯಿಲ್ಲ. ಸೂಜಿಯ ಮಾತೂ ಹಾಗೆಯೇ: ಹತ್ತೊಂಬತ್ತನೇ ಶತಮಾನದ ಕೆಲವು ಮಾದರಿಗಳಿಗೆ ಬೇಕಾದ ಸೂಜಿ ಈಗ ಅಂಗಡಿಯಲ್ಲಿ ಸಿಗುವುದಿಲ್ಲ, ಇರುವವರ ಬಳಿ ಹುಡುಕಿ ಕೊಳ್ಳಬೇಕು.

ಇಪ್ಪತ್ತನೇ ಶತಮಾನದ ಮಿಷನ್‌ಗಳ ಕತೆ ಬೇರೆ. ಸಿಂಗರ್‌ನ 15ನೇ ಮಾದರಿಯನ್ನೇ ತೆಗೆದುಕೊಳ್ಳಿ. ಎರಡನೇ ಮಹಾಯುದ್ಧದ ನಂತರ ಜಪಾನಿನ ತಯಾರಕರು ಇದೇ ಮಾದರಿಯನ್ನು ಆಧಾರವಾಗಿಟ್ಟುಕೊಂಡು ಎಚ್‌ಎ-1 ಎಂಬ ಒಂದೇ ಅಳತೆಗೆ ಒಪ್ಪಿಕೊಂಡರು. ಬೇರೆ ಬೇರೆ ಕಾರ್ಖಾನೆಗಳ ಭಾಗಗಳು ಪರಸ್ಪರ ಹೊಂದುವಂತಾದವು. ನೂರಾರು ಹೆಸರುಗಳಲ್ಲಿ ಅವು ಅಮೆರಿಕಕ್ಕೆ ಹೋದವು. ನಮ್ಮ ಲೂಧಿಯಾನ ಹೊಲಿಗೆ ಮಿಷನ್ ಮತ್ತು ಬಿಡಿಭಾಗಗಳ ದೊಡ್ಡ ಕೇಂದ್ರವಾದದ್ದೂ ಬಹುಮಟ್ಟಿಗೆ ಇದೇ ಅಚ್ಚಿನ ಮೇಲೆ. ಕಲ್ಕತ್ತೆಯ ಜಯ್ ಎಂಜಿನಿಯರಿಂಗ್ ವರ್ಕ್ಸ್‌ನ ಉಷಾ ಹೊರಬಂದ ಮೇಲೆ ನಮ್ಮೂರುಗಳ ಟೈಲರ್ ಅಂಗಡಿಗಳಲ್ಲಿ, ಮನೆಗಳಲ್ಲಿ ನೆಲೆಯಾದ ಕಪ್ಪು ಕಾಲುಮಿಷನ್‌ಗಳೂ ಈ ಬಳಗದವೇ. ಹೀಗಾಗಿ ಸ್ಕಾಟ್ಲೆಂಡಿನಲ್ಲಿ ಎರಕ ಹೊಯ್ದ ಮಿಷನ್ನಿಗೆ ದಾವಣಗೆರೆಯ ಪೇಟೆಯಲ್ಲಿ ಕೊಂಡ ಬಾಬಿನ್, ಬಾಬಿನ್ ಕೇಸ್, ಸೂಜಿ ಕೂರುತ್ತವೆ. ತಯಾರಿಸಿದ ಕಂಪನಿ ಮುಚ್ಚಿದರೂ ವಸ್ತು ಅನಾಥವಾಗದೆ ಉಳಿಯುವುದು ಇಂಥ ಸಮಾನ ಅಳತೆಯಿಂದ. ಅಂಚೆಯಲ್ಲಿ ತರಿಸುವವರು ಮೊದಲು ಕೇಳಬೇಕಾದದ್ದು ಇದನ್ನೇ: ಇದರ ಬಾಬಿನ್ ಯಾವುದು, ಸೂಜಿ ಯಾವುದು, ಎರಡೂ ಈಗ ಸಿಗುತ್ತವೆಯೇ? ಮಿಷನ್ನಿನ ಮೈಮೇಲಿನ ಚಿನ್ನದ ಬಣ್ಣದ ಹೂಬಳ್ಳಿಯ ವಿಚಾರ ಆಮೇಲೆ.

ಇನ್ನು ಅಂಚೆ. ಈ ವ್ಯವಹಾರದಲ್ಲಿ ಮಿಷನ್‌ಗಳು ಸಾಯುವುದು ತುಕ್ಕಿನಿಂದಲ್ಲ, ಪಾರ್ಸೆಲ್‌ನಲ್ಲಿ. ನೋಡಲು ಬಂಡೆಯ ಹಾಗಿದ್ದರೂ ಹಳೆಯ ಮಿಷನ್ನಿನ ಮೈ ಬೀಡು ಕಬ್ಬಿಣದ್ದು. ಬೀಡು ಭಾರ ಹೊರುತ್ತದೆ, ತಿಕ್ಕಾಟ ತಡೆಯುತ್ತದೆ. ಪೆಟ್ಟು ಬಿದ್ದರೆ ಮಾತ್ರ ಉಕ್ಕಿನಂತೆ ಬಾಗುವುದಿಲ್ಲ, ಸೀಳುತ್ತದೆ. ಮನೆಬಳಕೆಯ ದೊಡ್ಡ ಮಾದರಿಗಳ ತಲೆಯೊಂದೇ 12 ಕಿಲೋ ಆಸುಪಾಸು ತೂಗುತ್ತದೆ. ಅದನ್ನು ಮರದ ಪೆಟ್ಟಿಗೆಯಲ್ಲಿ ಇದ್ದಹಾಗೇ ಬಿಟ್ಟು, ಸುತ್ತ ಒಂದಿಷ್ಟು ಥರ್ಮೋಕೋಲ್ ಚೂರು ಸುರಿದು ಕಳಿಸಿದರೆ, ದಾರಿಯಲ್ಲಿ ಚೂರುಗಳೆಲ್ಲ ಬದಿಗೆ ಸರಿದು ಮಿಷನ್ ತಳ ಸೇರುತ್ತದೆ. ಡಬ್ಬಿ ಒಮ್ಮೆ ಕೆಳಗೆ ಬಿದ್ದರೆ ಸಾಕು, ಒಳಗಿನ ಮಿಷನ್ನೇ ಸುತ್ತಿಗೆಯಾಗಿ ತನ್ನ ಪೆಟ್ಟಿಗೆಯನ್ನು ಒಡೆಯುತ್ತದೆ. ದಾರದ ಉರುಳೆ ನಿಲ್ಲಿಸುವ ಕಡ್ಡಿ ಬಾಗುತ್ತದೆ, ಬಾಬಿನ್ ಸುತ್ತುವ ಕೊಂಡಿ ಮುರಿಯುತ್ತದೆ, ಚಕ್ರದ ಅಂಚು ಹಾರುತ್ತದೆ. ಕೆಟ್ಟ ಪೆಟ್ಟಾದರೆ ಹಾಸಿನ ಹಿಂಬದಿಯಲ್ಲಿ ಕೀಲು ಕೂರುವ ಮೂಲೆಯೇ ಸೀಳುತ್ತದೆ. ಕಡ್ಡಿ, ಕೊಂಡಿಗಳನ್ನು ಬದಲಿಸಬಹುದು. ಸೀಳಿದ ಹಾಸನ್ನು ಮೊದಲಿನ ಸ್ಥಿತಿಗೆ ತರುವುದು ಆಗದ ಮಾತು. ಬೀಡಿಗೆ ವೆಲ್ಡಿಂಗ್ ಮಾಡಿದ ಕಡೆ ಹೊಸ ಬಿರುಕು ಹುಟ್ಟುವ ಭಯ ಇದ್ದೇ ಇದೆ.

ಸರಿಯಾಗಿ ಕಟ್ಟುವ ಕ್ರಮ ಕಷ್ಟದ್ದೇನಲ್ಲ, ಆದರೆ ಸಮಯ ಬೇಡುತ್ತದೆ. ತಲೆಯನ್ನು ಮರದ ತಳದಿಂದ ಬಿಡಿಸಬೇಕು. ಹೊರಚಾಚಿದ್ದನ್ನೆಲ್ಲ ಕಳಚಿ ಬೇರೆ ಪೊಟ್ಟಣ ಮಾಡಬೇಕು. ಶಟಲ್, ಬಾಬಿನ್ ಕೇಸ್ ಸಡಿಲವಾಗಿ ಉರುಳದಂತೆ ತೆಗೆದಿಡಬೇಕು. ಬಟ್ಟೆಯನ್ನು ಒತ್ತಿ ಹಿಡಿಯುವ ಪ್ರೆಷರ್ ಫೂಟ್ ಕೆಳಗೆ ಬಟ್ಟೆಯ ಮಡಿಕೆ ಇಟ್ಟು ಅದನ್ನು ಇಳಿಸಬೇಕು. ಆಮೇಲೆ ತಲೆಗೆ ಗಟ್ಟಿ ಫೋಮ್ ಸುತ್ತಿ ಒಂದು ಡಬ್ಬಿಯಲ್ಲಿಟ್ಟು, ಆ ಡಬ್ಬಿಯನ್ನು ನಾಲ್ಕೂ ಬದಿ, ಮೇಲೆ, ಕೆಳಗೆ ಅಂತರ ಬಿಟ್ಟು ಇನ್ನೊಂದು ದೊಡ್ಡ ಡಬ್ಬಿಯಲ್ಲಿ ಕೂರಿಸಬೇಕು. ಅಲುಗಾಡಿಸಿದರೆ ಒಳಗೆ ಏನೂ ಸರಿಯಬಾರದು. ಈ ಶ್ರಮಕ್ಕೆ ಮಾರುವವರು ಹೆಚ್ಚು ಹಣ ಕೇಳಿದರೆ ಸಂತೋಷದಿಂದ ಕೊಡಬೇಕು. ಮಿಷನ್ನಿನ ಬೆಲೆಯಲ್ಲಿ ಚೌಕಾಶಿ ಮಾಡಿದರೂ ನಡೆದೀತು, ಕಟ್ಟುವ ಕೂಲಿಯಲ್ಲಿ ಮಾಡಿದರೆ ಇಡೀ ಮಿಷನ್ನನ್ನೇ ಕಳೆದುಕೊಳ್ಳುವ ಅಪಾಯವಿದೆ.

ಸುರಕ್ಷಿತವಾಗಿ ಬಂದ ಮಿಷನ್ನಿಗೆ ಏನು ಮಾಡಬೇಕು ಎಂಬಲ್ಲಿ ಹೊಳಪಿನ ಪಕ್ಷವೂ ಹೊಲಿಗೆಯ ಪಕ್ಷವೂ ನಿಜವಾಗಿ ಬೇರೆಯಾಗುತ್ತವೆ. ಚಕ್ರ ತಿರುಗುತ್ತಿಲ್ಲ ಎಂದ ಕೂಡಲೇ 'ತುಕ್ಕು ಹಿಡಿದು ಜಾಮ್ ಆಗಿದೆ' ಎಂದು ಕೈಚೆಲ್ಲುವವರು ಬಹಳ. ಹೆಚ್ಚಿನ ಸಲ ಅದು ತುಕ್ಕಲ್ಲ, ದಶಕಗಳ ಹಿಂದೆ ಬಿಟ್ಟ ಎಣ್ಣೆ ಒಣಗಿ ಅಂಟಿನಂತಾದದ್ದು. ತೆಂಗಿನೆಣ್ಣೆಯೋ ಅಡುಗೆಯೆಣ್ಣೆಯೋ ಬಿಟ್ಟ ಮಿಷನ್‌ಗಳಲ್ಲಂತೂ ಈ ಅಂಟು ಇನ್ನೂ ಹಠಮಾರಿ. ಸೀಮೆಎಣ್ಣೆಯನ್ನು ಒಂದೊಂದು ಎಣ್ಣೆತೂತಿಗೂ ಹನಿಹನಿಯಾಗಿ ಬಿಟ್ಟು, ರಾತ್ರಿಯಿಡೀ ನೆನೆಯಲು ಬಿಟ್ಟು, ಬೆಳಗ್ಗೆ ಚಕ್ರವನ್ನು ಹಿಂದಕ್ಕೂ ಮುಂದಕ್ಕೂ ಒಂದಿಷ್ಟೇ ಅಲುಗಿಸಬೇಕು, ಬಲ ಹಾಕಬಾರದು. ಇದೇ ಕ್ರಮವನ್ನು ಬಿಡದೆ ಮುಂದುವರಿಸಿದರೆ ಒಳಗಿನ ದಂಡಗಳು ಒಂದೊಂದಾಗಿ ಸಡಿಲುತ್ತವೆ. ಹೇರ್ ಡ್ರೈಯರ್‌ನ ಬಿಸಿಗಾಳಿಯೂ ನೆರವಾಗುತ್ತದೆ. ಸೀಮೆಎಣ್ಣೆ ಹಳೆಯ ಜಿಡ್ಡನ್ನು ಬಿಡಿಸುತ್ತದೆಯೇ ಹೊರತು ತಿಕ್ಕಾಟದಿಂದ ಕಾಪಾಡುವುದಿಲ್ಲ, ಆದ್ದರಿಂದ ಕೊನೆಗೆ ಮಿಷನ್ ಎಣ್ಣೆಯನ್ನೇ ಬಿಡಬೇಕು. ಆಮೇಲೆ ಸೂಜಿ ತಟ್ಟೆ ಬಿಚ್ಚಿ, ಬಟ್ಟೆಯನ್ನು ಮುಂದೆ ತಳ್ಳುವ ಹಲ್ಲುಗಳ ನಡುವೆ ಒತ್ತಾಗಿ ಕೂತ ಬಟ್ಟೆಯ ನಾರು, ಧೂಳನ್ನು ಕೀಳಬೇಕು. ಟೆನ್ಷನ್ ತಟ್ಟೆಗಳ ನಡುವೆ ಸಿಕ್ಕಿಕೊಂಡ ದಾರದ ತುಣುಕೊಂದು ಸಾಕು, ಕೆಳಗಡೆ ದಾರ ಗಂಟುಗಂಟಾಗಿ ಬೀಳಲು. ಸೂಜಿಯ ದಿಕ್ಕಂತೂ ಹಲವರನ್ನು ಸೋಲಿಸಿದೆ. ಸೂಜಿಯ ಉದ್ದನೆಯ ತೋಡು ಯಾವ ಬದಿಗಿದೆಯೋ ಆ ಬದಿಯಿಂದ ದಾರ ಪೋಣಿಸಬೇಕು. ಆ ಬದಿ ಮಾದರಿಯಿಂದ ಮಾದರಿಗೆ ಬೇರೆ. ಸೂಜಿ ತಿರುಗುಮುರುಗಾಗಿದ್ದರೆ ಮಿಷನ್ ಓಡುತ್ತದೆ, ಹೊಲಿಗೆ ಮಾತ್ರ ಬೀಳುವುದಿಲ್ಲ. ಕೆಟ್ಟುಹೋಗಿದೆ ಎಂದು ಮೂಲೆ ಸೇರಿದ ಎಷ್ಟೋ ಮಿಷನ್‌ಗಳ ರೋಗ ಇಷ್ಟೇ.

ಹೊಳಪನ್ನೇ ಗುರಿಯಾಗಿಟ್ಟವರು ಮಾಡುವುದು ಇದಕ್ಕೆ ತದ್ವಿರುದ್ಧ. ಅವರು ಮೊದಲು ಮೈ ಉಜ್ಜುತ್ತಾರೆ. ಹಳೆಯ ಮಿಷನ್ನಿನ ಕಪ್ಪು ಬಣ್ಣ ಒಲೆಯಲ್ಲಿ ಕಾಯಿಸಿ ಗಟ್ಟಿ ಮಾಡಿದ ಲೇಪ. ಅದರ ಮೇಲೆ ಚಿನ್ನದ ಬಣ್ಣದ ಚಿತ್ತಾರ, ಅದರ ಮೇಲೆ ತೆಳುವಾದ ಅರಗಿನ ಪದರ. ಸ್ಪಿರಿಟ್ ತಾಗಿದರೆ ಅರಗು ಕರಗುತ್ತದೆ, ಜೊತೆಗೇ ಚಿತ್ತಾರವೂ ಅಳಿಯುತ್ತದೆ. ಪಾತ್ರೆ ತೊಳೆಯುವ ಕಟುವಾದ ದ್ರವಗಳೂ ಸುರಕ್ಷಿತವಲ್ಲ. ಮೆತ್ತನೆಯ ಬಟ್ಟೆಗೆ ಮಿಷನ್ ಎಣ್ಣೆ ಹಚ್ಚಿ ನಿಧಾನವಾಗಿ ಒರೆಸಿದರೆ ಜಿಡ್ಡು ಹೋಗುತ್ತದೆ, ಚಿತ್ತಾರ ಉಳಿಯುತ್ತದೆ. ಹೊಸದರಂತೆ ಥಳಥಳಿಸುವುದಿಲ್ಲ, ಅಷ್ಟೇ. ಹೊಳಪಿನ ಆಸೆಗೆ ಬಿದ್ದು ಹಳೆಯ ಲೇಪವನ್ನೆಲ್ಲ ಕೆರೆದು ಕಾರಿನ ಬಣ್ಣ ಹೊಡೆಸಿ, ಎಣ್ಣೆತೂತುಗಳನ್ನೇ ಬಣ್ಣದಲ್ಲಿ ಮುಚ್ಚಿದ ಮಿಷನ್‌ಗಳೂ ಮಾರಾಟಕ್ಕೆ ಬರುತ್ತವೆ. ಎಣ್ಣೆ ಬಿಡಲಾಗದ ಯಂತ್ರದ ಉಳಿದ ಆಯಸ್ಸು ಎಷ್ಟಿದ್ದೀತು?

ಇಲ್ಲಿ ಒಂದು ತೂಕದ ಆಕ್ಷೇಪ ಏಳುತ್ತದೆ. ವಸ್ತುಸಂಗ್ರಹಾಲಯಗಳ ದೃಷ್ಟಿಯಿಂದ ನೋಡಿದರೆ ಹೊಲಿಯುವಂತೆ ಮಾಡುವುದೂ ಒಂದು ಹಾನಿಯೇ. ಹಳೆಯ ಸೂಜಿ, ಹಳೆಯ ಚರ್ಮದ ಬೆಲ್ಟ್, ಸಂದುಗಳಲ್ಲಿ ಉಳಿದ ಅಂದಿನ ನೂಲಿನ ಎಳೆಗಳು, ಇವೆಲ್ಲ ಆ ಕಾಲದ ಸಾಕ್ಷ್ಯ. ತೆಗೆದು ಹೊಸದು ಹಾಕಿದರೆ ಸಾಕ್ಷ್ಯ ನಾಶ. ಈ ವಾದವನ್ನು ನಾನು ಒಪ್ಪುತ್ತೇನೆ, ಅದು ಅನ್ವಯಿಸುವ ಕಡೆ. ಅರದಿಂದ ಉಜ್ಜಿ ಹೊಂದಿಸಿದ ಕಾಲದ ಮಿಷನ್‌ಗಳಲ್ಲಿ ಒಂದೊಂದು ಭಾಗವೂ ಒಬ್ಬ ಕೆಲಸಗಾರನ ಕೈಯ ದಾಖಲೆ. ಅವನ್ನು ಮುಟ್ಟದಿರುವುದೇ ಸರಿ. ಆದರೆ ಲಕ್ಷಗಟ್ಟಲೆ ಹೊರಬಂದ ಇಪ್ಪತ್ತನೇ ಶತಮಾನದ ಮಾದರಿಗಳ ಸಾಕ್ಷ್ಯ ಈಗಾಗಲೇ ಕಾಪಾಡಲ್ಪಟ್ಟಿದೆ. ಕ್ಲೈಡ್‌ಬ್ಯಾಂಕಿನ ಸ್ಥಳೀಯ ಆಡಳಿತವೇ ಸಿಂಗರ್ ದಾಖಲೆಗಳ ಜೊತೆ ನೂರಾರು ಮಿಷನ್‌ಗಳ ಸಂಗ್ರಹವನ್ನು ಇಟ್ಟುಕೊಂಡಿದೆ. ಲಂಡನ್ನಿನಲ್ಲಿ ಹೊಲಿಗೆ ಮಿಷನ್‌ಗಳಿಗೇ ಮೀಸಲಾದ ವಸ್ತುಸಂಗ್ರಹಾಲಯವಿದೆ. ಅವು ಒಂದೊಂದು ಮಾದರಿಯನ್ನೂ ಇದ್ದಂತೆಯೇ ಕಾಯಲಿ. ಮನೆಗೆ ಪಾರ್ಸೆಲ್‌ನಲ್ಲಿ ಬಂದ, ಲಕ್ಷಾಂತರ ಮಿಷನ್‌ಗಳಲ್ಲಿ ಒಂದನ್ನು ಗಾಜಿನ ಹಿಂದೆ ಇಟ್ಟು ಕಾಯುವುದರಿಂದ ಇತಿಹಾಸಕ್ಕೆ ಹೊಸದಾಗಿ ಸೇರುವುದೇನೂ ಇಲ್ಲ. ಅಂಥ ಮಿಷನ್ನಿನಲ್ಲಿ ಇನ್ನೂ ದಾಖಲಾಗದೆ ಉಳಿದಿರುವುದು ಅದನ್ನು ಓಡಿಸುವ, ರಿಪೇರಿ ಮಾಡುವ ತಿಳಿವಳಿಕೆ. ಅದು ಕೈಯಿಂದ ಕೈಗೆ ಮಾತ್ರ ದಾಟುತ್ತದೆ, ಅದಕ್ಕೆ ಓಡುವ ಮಿಷನ್ನೇ ಬೇಕು.

ಎರಡನೇ ಆಕ್ಷೇಪ ಟೈಲರ್‌ಗಳದ್ದು, ನೇರವಾದದ್ದು: ಹಳೆಯ ಮಿಷನ್ ನೇರ ಹೊಲಿಗೆ ಒಂದನ್ನೇ ಹಾಕುತ್ತದೆ. ಜಿಗ್‌ಜ್ಯಾಗ್ ಇಲ್ಲ, ಕಾಜಾ ಇಲ್ಲ, ಹಿಗ್ಗುವ ಬಟ್ಟೆಗೆ ಒಗ್ಗುವುದಿಲ್ಲ. ನಿಜ. ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಯ ವೇಗದ ಮಿಷನ್ನಿನ ಜಾಗದಲ್ಲಿ ಇದನ್ನು ಕೂರಿಸಿ ಎಂದು ಯಾರೂ ಹೇಳಲಾರರು. ಆದರೆ ಮನೆಯಲ್ಲಿ ಬೀಳುವ ಹೊಲಿಗೆಯ ಬಹುಪಾಲು ನೇರ ಹೊಲಿಗೆಯೇ: ದಿಂಬಿನ ಚೀಲ, ಪರದೆ, ರವಿಕೆಯ ಪಕ್ಕದ ಹೊಲಿಗೆ, ಸೀರೆಯ ಫಾಲ್, ಹರಿದ ಪ್ಯಾಂಟು. ಆ ಒಂದು ಹೊಲಿಗೆಯನ್ನು ಹಳೆಯ ಮಿಷನ್ ಅಚ್ಚುಕಟ್ಟಾಗಿ ಹಾಕುತ್ತದೆ. 1933ರಲ್ಲಿ ಷಿಕಾಗೋ ಪ್ರದರ್ಶನದಲ್ಲಿ ಜನರ ಮುಂದೆ ಬಂದ, ಅಲ್ಯೂಮಿನಿಯಂ ಮೈಯ, 5 ಕಿಲೋ ತೂಗುವ ಸಿಂಗರ್ ಫೆದರ್‌ವೇಟ್ ಅನ್ನು ಅಮೆರಿಕದ ಕೌದಿ ಹೊಲಿಯುವ ಹೆಂಗಸರು ಇವತ್ತಿಗೂ ಹುಡುಕಿ ಕೊಳ್ಳುವುದು ನೆನಪಿನ ಮೋಹಕ್ಕಷ್ಟೇ ಅಲ್ಲ, ಆ ನೇರ ಹೊಲಿಗೆಗಾಗಿ. ಹೊಸದೆಲ್ಲ ಬಾಳುತ್ತದೆ ಎಂಬ ನಂಬಿಕೆಯೂ ಪೂರ್ತಿ ಸರಿಯಲ್ಲ. 1960, 70ರ ದಶಕಗಳಲ್ಲಿ ಸಿಂಗರ್ ಕಂಪನಿಯೇ ಕೆಲವು ಮಾದರಿಗಳಿಗೆ ನೈಲಾನ್ ಗೇರುಗಳನ್ನು ಹಾಕಿತು. ಇಂದು ಆ ಗೇರುಗಳು ಬಿರುಕು ಬಿಟ್ಟು ಮಿಷನ್ ನಿಂತುಹೋಗುತ್ತಿರುವಾಗ, ಅವಕ್ಕಿಂತ ಅರ್ಧ ಶತಮಾನ ಹಿಂದಿನ ಉಕ್ಕಿನ ದಂಡಗಳವು ಓಡುತ್ತಲೇ ಇವೆ.

ಮೂರನೆಯ ಆಕ್ಷೇಪ ನನ್ನನ್ನು ಹೆಚ್ಚು ಕಾಡುವಂಥದ್ದು. ಒಂದು ಹೊತ್ತಿನ ದುಡಿಮೆಗೆ ಮಿಷನ್ ಬೇಕಾದವರು ಲಕ್ಷಾಂತರ ಇರುವಾಗ, ಉಳ್ಳವರು ಕಬ್ಬಿಣವನ್ನು ಸಾವಿರಾರು ಮೈಲಿ ಸಾಗಿಸಿ ಮನೆಯಲ್ಲಿ ಸಾಲಾಗಿ ಜೋಡಿಸುವುದು ಸರಿಯೇ? ಗಾಂಧೀಜಿ 1924ರ ಒಂದು ಸಂಭಾಷಣೆಯಲ್ಲಿ ಯಂತ್ರಗಳ ಬಗೆಗಿನ ತಮ್ಮ ವಿರೋಧಕ್ಕೆ ಹೊಲಿಗೆ ಮಿಷನ್ನನ್ನು ಅಪವಾದವಾಗಿ ಹೆಸರಿಸಿದ್ದರು. ಹೆಂಡತಿಯ ಬಳಲಿಕೆ ನೋಡಲಾರದೆ ಸಿಂಗರ್ ಅದನ್ನು ಮಾಡಿದನೆಂಬ ಅವರ ನಂಬಿಕೆಗೆ ಸಿಂಗರ್‌ನ ಜೀವನಚರಿತ್ರೆ ಆಧಾರ ಕೊಡುವುದಿಲ್ಲ. ಆದರೆ ಯಂತ್ರ ಇರಬೇಕಾದದ್ದು ದುಡಿಯುವ ವ್ಯಕ್ತಿಯ ಸಲುವಾಗಿ ಎಂಬ ಅವರ ತತ್ವ ಇಲ್ಲಿಗೆ ಸರಿಯಾಗಿ ಅನ್ವಯಿಸುತ್ತದೆ. ಆ ತತ್ವದಿಂದ ನೋಡಿದರೆ ಬರೀ ಪ್ರದರ್ಶನದ ಸಂಗ್ರಹವನ್ನು ನಾನು ಸಮರ್ಥಿಸಲಾರೆ. ಬ್ರಿಟನ್ನಿನ ಆಲ್‌ಸೇಂಟ್ಸ್ ಬಟ್ಟೆ ಅಂಗಡಿಗಳ ಕಿಟಕಿಗಳಲ್ಲಿ ನೂರಾರು ಹಳೆಯ ಮಿಷನ್‌ಗಳನ್ನು ಒಂದರ ಮೇಲೊಂದು ಪೇರಿಸಿಟ್ಟಿದ್ದರು. ನಮ್ಮ ನಗರಗಳ ಕಾಫಿ ಅಂಗಡಿಗಳಲ್ಲಿ ಕಾಲುಮಿಷನ್ನಿನ ಕಬ್ಬಿಣದ ಕಾಲುಗಳ ಮೇಲೆ ಕಲ್ಲು ಹಾಸಿ ಮೇಜು ಮಾಡಿರುತ್ತಾರೆ. ಕಾಲು ಕಳೆದುಕೊಂಡ ತಲೆ ಗುಜರಿ ಸೇರುತ್ತದೆ. ಆದರೆ ಇದೇ ಬ್ರಿಟನ್ನಿನಲ್ಲಿ ಟೂಲ್ಸ್ ಫಾರ್ ಸೆಲ್ಫ್ ರಿಲಯನ್ಸ್ ಎಂಬ ಸಂಸ್ಥೆಯೂ ಕೆಲಸ ಮಾಡಿದೆ. ಜನ ಕೊಟ್ಟ ಹಳೆಯ ಉಪಕರಣಗಳನ್ನು, ಹೊಲಿಗೆ ಮಿಷನ್‌ಗಳನ್ನೂ ಸೇರಿಸಿ, ಅದರ ಸ್ವಯಂಸೇವಕರು ರಿಪೇರಿ ಮಾಡಿ ಆಫ್ರಿಕಾದ ಕುಶಲಕರ್ಮಿಗಳಿಗೆ ಕಳಿಸಿದ್ದಾರೆ. ಕೈಯಿಂದಲೋ ಕಾಲಿನಿಂದಲೋ ತಿರುಗುವ ಮಿಷನ್‌ಗೆ ಕರೆಂಟ್ ಬೇಡ, ರಿಪೇರಿಗೆ ಒಂದು ಸ್ಕ್ರೂಡ್ರೈವರ್ ಸಾಕು ಎಂಬ ಕಾರಣಕ್ಕೆ ಅಲ್ಲಿ ಅದಕ್ಕೆ ಬೆಲೆಯಿದೆ. ಹವ್ಯಾಸಿ ಸಂಗ್ರಹಕಾರ ಕಲಿತ ಕೆಲಸವೂ ಆ ಸ್ವಯಂಸೇವಕರ ಕೆಲಸವೂ ಒಂದೇ. ಸರಿಪಡಿಸಿದ್ದನ್ನು ಇಟ್ಟುಕೊಳ್ಳುವುದಕ್ಕೆ ಮಿತಿ ಹಾಕಿಕೊಂಡು ಉಳಿದದ್ದನ್ನು ಹೊಲಿಯುವವರ ಕೈಗೆ ದಾಟಿಸಿದರೆ ಈ ಹವ್ಯಾಸಕ್ಕೆ ತನ್ನನ್ನು ಸಮರ್ಥಿಸಿಕೊಳ್ಳುವ ಬೇರೆ ಮಾತು ಬೇಕಾಗುವುದಿಲ್ಲ.

ಸಾಗಾಟದ ಖರ್ಚಿನ ಪ್ರಶ್ನೆಗೂ ಇದರಲ್ಲೇ ಉತ್ತರವಿದೆ. ಹತ್ತಿರದಲ್ಲೇ ಸಿಗುವ ಮಾದರಿಯನ್ನು ಸಮುದ್ರದಾಚೆಯಿಂದ ತರಿಸುವುದರಲ್ಲಿ ಅರ್ಥವಿಲ್ಲ. ಹುಬ್ಬಳ್ಳಿಯಲ್ಲೋ ಮೈಸೂರಿನಲ್ಲೋ ಸಿಗುವ ಕಪ್ಪು ಮಿಷನ್ನನ್ನು ಬಿಟ್ಟು ಲಿವರ್‌ಪೂಲಿನಿಂದ ಅದರ ಅಣ್ಣನನ್ನು ಕರೆಸಬೇಕಾಗಿಲ್ಲ. ಅಂಚೆಯಲ್ಲಿ ತರಿಸಬೇಕಾದದ್ದು ಇಲ್ಲಿ ಸಿಗದ ಒಂದು ಶಟಲ್ಲೋ, ಮುದ್ರಿತ ಕೈಪಿಡಿಯೋ. ಅಮೆರಿಕದಲ್ಲಿರುವ ನೆಂಟರು ಪ್ರೀತಿಯಿಂದ ಕಳಿಸುವ ವಿದ್ಯುತ್ ಮಿಷನ್ನಿನ ವಿಷಯದಲ್ಲಂತೂ ಇನ್ನೊಂದು ಎಚ್ಚರ ಬೇಕು. ಅಲ್ಲಿನ ಮೋಟಾರು 110 ವೋಲ್ಟಿನದು; ನಮ್ಮ 230 ವೋಲ್ಟಿನ ಪ್ಲಗ್ಗಿಗೆ ನೇರ ಸಿಕ್ಕಿಸಿದರೆ ಸುಟ್ಟುಹೋಗುತ್ತದೆ. ಹಳೆಯ ತಂತಿಯ ರಬ್ಬರ್ ಹೊದಿಕೆ ಬೆರಳಲ್ಲಿ ಹಿಸುಕಿದರೆ ಪುಡಿಯಾಗುವ ಸ್ಥಿತಿಯಲ್ಲಿರುತ್ತದೆ. ತಂತಿ ಬದಲಿಸದೆ ಅದಕ್ಕೆ ಕರೆಂಟ್ ಕೊಡಲೇಬಾರದು. ಇಲ್ಲಿ ಹಳೆಯದನ್ನು ಇದ್ದಂತೆ ಉಳಿಸುವ ಮಾತಿಗೆ ಜಾಗವಿಲ್ಲ.

ಕೊನೆಯದಾಗಿ, ಕೊಳ್ಳುವವರು ಮಾರುವವರಿಂದ ಕೇಳಬೇಕಾದ ಫೋಟೊ ಯಾವುದು ಎಂಬುದು. ಎಲ್ಲರೂ ಕಳಿಸುವುದು ಒರೆಸಿ, ಬೆಳಕಿನಲ್ಲಿ ಇಟ್ಟು ತೆಗೆದ ಮೈಯ ಚಿತ್ರ. ಅದು ಸಾಲದು. ಎರಡು ಬಣ್ಣದ ದಾರ ಹಾಕಿ, ಮೇಲೆ ಕೆಂಪು, ಬಾಬಿನ್ನಿನಲ್ಲಿ ನೀಲಿ, ಎರಡು ಪದರದ ಹತ್ತಿ ಬಟ್ಟೆಯ ಮೇಲೆ ಒಂದು ಗೇಣು ಹೊಲಿದು, ಆ ಬಟ್ಟೆಯ ಎರಡೂ ಬದಿಯ ಚಿತ್ರ ಕೇಳಬೇಕು. ಮೇಲಿನ ಬದಿಯಲ್ಲಿ ನೀಲಿ ಚುಕ್ಕೆ ಕಂಡರೆ ಮೇಲಿನ ಟೆನ್ಷನ್ ಬಿಗಿ, ಕೆಳಗಿನ ಬದಿಯಲ್ಲಿ ಕೆಂಪು ಕಂಡರೆ ಅದು ಸಡಿಲ; ಇವೆರಡೂ ಒಂದು ತಿರುಪು ತಿರುಗಿಸಿದರೆ ಸರಿಹೋಗುವ ದೋಷ. ಹೊಲಿಗೆಯೇ ತಪ್ಪಿ ತಪ್ಪಿ ಬಿದ್ದಿದ್ದರೆ ಸೂಜಿ ಬದಲಿಸಿ ಇನ್ನೊಮ್ಮೆ ಹೊಲಿದು ತೋರಿಸಿ ಎನ್ನಬೇಕು. ಮಾರುವವರಿಗೆ ಹೊಲಿಯಲು ಬಾರದಿದ್ದರೆ ಊರಿನ ಟೈಲರ್ ಒಬ್ಬರಿಂದ ಹೊಲಿಸಿ ಕಳಿಸಲಿ. ಹಾಗೆ ಹೊಲಿದ ಬಟ್ಟೆಯ ತುಂಡನ್ನು ಪ್ರೆಷರ್ ಫೂಟ್ ಕೆಳಗೇ ಬಿಟ್ಟು ಪಾರ್ಸೆಲ್ ಕಟ್ಟುವಂತೆ ಹೇಳಿದರೆ, ತಲುಪಿದ ಮೇಲೆ ಅದೇ ತುಂಡಿನ ಪಕ್ಕ ಇನ್ನೊಂದು ಸಾಲು ಹೊಲಿದು, ದಾರಿಯಲ್ಲಿ ಏನಾದರೂ ಕೆಟ್ಟಿದೆಯೇ ಎಂದು ಹೋಲಿಸಿ ನೋಡಬಹುದು.